57ರ ಬೀದಿಯಲ್ಲಿ ಪಿಡಿಐ ಹುಡುಕುವುದು: ಆಂಟಿಬಾಡಿ ಕೊಳ್ಳುವುದರಿಂದ ಬ್ಯಾಂಡ್ ಓದುವ ತನಕ

ವೆಸ್ಟರ್ನ್ ಬ್ಲಾಟ್ ಅಂದರೆ ಸ್ಯಾಂಪಲ್‌ನ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್‌ಗೆ ಇಳಿಸಿ, ಆಂಟಿಬಾಡಿಯಿಂದ ಹುಡುಕುವ ವಿಧಾನ. ಅದರಲ್ಲಿ 57 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ದಪ್ಪ ಬ್ಯಾಂಡ್ ಕಂಡರೆ ಪಿಡಿಐ ಎಂಬ ಪ್ರೋಟೀನ್ ಸಿಕ್ಕಿತು ಅಂತ ಖುಷಿಯಾಗುತ್ತದೆ. ನನಗೂ ಆಗಿತ್ತು. ಸುಂಡಿಲಿಯ (ಮೌಸ್) ಯಕೃತ್ತಿನ ಸ್ಯಾಂಪಲ್‌ಗಳಲ್ಲಿ ಸುಮಾರು ಎರಡು ತಿಂಗಳು ಆ ಬ್ಯಾಂಡನ್ನು ಅಳೆದೆ, ಗ್ರಾಫ್ ಹಾಕಿದೆ, ಲ್ಯಾಬ್ ಮೀಟಿಂಗ್‌ನಲ್ಲಿ ತೋರಿಸಿದೆ. ಒಂದು ದಿನ ಅವಸರದಲ್ಲಿ ಪ್ರೈಮರಿ ಆಂಟಿಬಾಡಿ, ಅಂದರೆ ಪಿಡಿಐಗೆ ಅಂಟುವುದು, ಹಾಕುವುದನ್ನೇ ಮರೆತೆ. ಬರೀ ಸೆಕೆಂಡರಿ, ಅಂದರೆ ಪ್ರೈಮರಿಗೆ ಅಂಟಿ ಅದನ್ನು ಕಾಣಿಸುವ ಆಂಟಿಬಾಡಿ, ಹಾಕಿ ಚಿತ್ರ ತೆಗೆದೆ. ಬ್ಯಾಂಡ್ ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅಷ್ಟೇ ದಪ್ಪವಾಗಿ ಕೂತಿತ್ತು!

ಆಗಿದ್ದು ಇಷ್ಟೇ. ನನ್ನ ಪ್ರೈಮರಿ ಮೌಸ್‌ನಲ್ಲಿ ತಯಾರಾದದ್ದು. ಸ್ಯಾಂಪಲ್ ಕೂಡ ಮೌಸ್‌ನದ್ದು. ಯಕೃತ್ತಿನಲ್ಲಿ ಉಳಿದ ರಕ್ತದಲ್ಲಿ ಮೌಸ್‌ನ ಸ್ವಂತ ಆಂಟಿಬಾಡಿಗಳು ಇದ್ದವು. ಅವುಗಳ ಭಾರಿ ಸರಪಳಿ (ಆಂಟಿಬಾಡಿಯ ದೊಡ್ಡ ತುಂಡು) 50ರಿಂದ 55 ಕಿಲೋಡಾಲ್ಟನ್ ಹತ್ತಿರ ಓಡುತ್ತದೆ. ಸೆಕೆಂಡರಿ ಅದನ್ನೇ ಹಿಡಿದಿತ್ತು. ನಾನು ಎರಡು ತಿಂಗಳು ಅಳೆದದ್ದರಲ್ಲಿ ಎಷ್ಟು ಪಿಡಿಐ, ಎಷ್ಟು ರಕ್ತ ಅಂತ ಇವತ್ತಿಗೂ ಹೇಳಲಾರೆ.

ಬೆಂಗಳೂರಿನಲ್ಲಿ ‘3ನೇ ಕ್ರಾಸ್, 5ನೇ ಮೇನ್’ ಅಂದರೆ ಆಟೋದವರು ‘ಯಾವ ಬ್ಲಾಕ್ ಸಾರ್?’ ಅಂತ ಕೇಳುತ್ತಾರೆ ಅಲ್ವಾ, ಇದೂ ಹಾಗೇ. 57 ಅನ್ನುವುದು ಬೀದಿಯ ಹೆಸರು ಮಾತ್ರ. ಅಲ್ಲಿ ಪಿಡಿಐ ಮನೆ ಇದೆ, ಅದರ ಅಣ್ಣತಮ್ಮಂದಿರ ಮನೆಗಳೂ ಇವೆ, ಸಂಬಂಧವೇ ಇಲ್ಲದ ಬಾಡಿಗೆದಾರರೂ ಇದ್ದಾರೆ. ಈ ಬರಹ ಆ ಬೀದಿಯಲ್ಲಿ ಸರಿಯಾದ ಬಾಗಿಲು ತಟ್ಟುವುದರ ಬಗ್ಗೆ.

ಮೊದಲು ಪಿಡಿಐ ಪರಿಚಯ

ಪಿಡಿಐ ಅಂದರೆ ಪ್ರೋಟೀನ್ ಡೈಸಲ್ಫೈಡ್ ಐಸೊಮರೇಸ್. ಪ್ರೋಟೀನ್ ಸರಪಳಿ ಮಡಚಿಕೊಳ್ಳುವಾಗ ಸಿಸ್ಟೀನ್ ಎಂಬ ಅಮೈನೊ ಆಮ್ಲಗಳ ನಡುವೆ ಗಂಟು (ಡೈಸಲ್ಫೈಡ್) ಬೀಳುತ್ತದೆ. ತಪ್ಪು ಜೋಡಿಗೆ ಗಂಟು ಬಿದ್ದರೆ ಬಿಚ್ಚಿ ಸರಿಯಾದ ಜೋಡಿಗೆ ಹಾಕುವ ಕೆಲಸ ಇದರದ್ದು. ರೈಬೊನ್ಯೂಕ್ಲಿಯೇಸ್ ಎಂಬ ಸಣ್ಣ ಪ್ರೋಟೀನ್‌ನಲ್ಲಿ 8 ಸಿಸ್ಟೀನ್‌ಗಳಿವೆ. ಅವನ್ನು 4 ಜೋಡಿ ಮಾಡಲು 105 ದಾರಿ. ಸರಿಯಾದದ್ದು ಒಂದೇ. ಪ್ರನಾಳದಲ್ಲಿ ಅದು ತಾನಾಗಿ ಸರಿಹೋಗಲು ಗಂಟೆಗಟ್ಟಲೆ ಬೇಕು, ಜೀವಕೋಶಕ್ಕೆ ಅಷ್ಟು ಪುರುಸೊತ್ತಿಲ್ಲ. ಹಾಗಾದರೆ ಒಳಗೆ ಯಾರೋ ಸಹಾಯ ಮಾಡುತ್ತಿರಬೇಕು ಅಂತ ಅಮೆರಿಕದಲ್ಲಿ ಕ್ರಿಶ್ಚಿಯನ್ ಆನ್‌ಫಿನ್ಸನ್ ತಂಡ ಹುಡುಕಿತು. 1963ರಲ್ಲಿ ರ್‍ಯಾಟ್ ಯಕೃತ್ತಿನಲ್ಲಿ ಈ ಕಿಣ್ವ ಸಿಕ್ಕಿತು. ಅದೇ ವರ್ಷ ಹಂಗೇರಿಯ ವೆನೆಟಿಯಾನೆರ್ ಮತ್ತು ಸ್ಟ್ರಾಬ್ ಕೂಡ ಸ್ವತಂತ್ರವಾಗಿ ಇದನ್ನೇ ವರದಿ ಮಾಡಿದರು.

ಬ್ಲಾಟ್ ಮಾಡುವವರಿಗೆ ಬೇಕಾದ ವಿವರ ಹೀಗಿದೆ. ಮನುಷ್ಯನಲ್ಲಿ ಇದರ ಜೀನ್ ಹೆಸರು ಪಿ4ಎಚ್‌ಬಿ. ಕ್ಯಾಟಲಾಗ್‌ನಲ್ಲಿ ಪಿಡಿಐ ಅಂತ ಹುಡುಕಿ ಸಿಗದಿದ್ದರೆ ಪಿ4ಎಚ್‌ಬಿ ಅಥವಾ ಪಿಡಿಐಎ1 ಅಂತ ಹುಡುಕಿ. ಹೆಸರು ಹೀಗೇಕೆ ಅಂದರೆ, ಕೊಲಾಜನ್ ತಯಾರಿಗೆ ಬೇಕಾದ ಪ್ರೋಲಿಲ್ 4-ಹೈಡ್ರಾಕ್ಸಿಲೇಸ್ ಎಂಬ ಇನ್ನೊಂದು ಕಿಣ್ವದ ಬೀಟಾ ಭಾಗವೂ ಇದೇ ಪ್ರೋಟೀನ್. ಎರಡೂ ಒಂದೇ ಅಂತ ಗೊತ್ತಾಗಿದ್ದು 1987ರಲ್ಲಿ. ಆಮೇಲೆ ಕತ್ತರಿಸಿಹೋಗುವ ಮುಂತುದಿಯ ಸಿಗ್ನಲ್ ತುಂಡು ಸೇರಿ 508 ಅಮೈನೊ ಆಮ್ಲ, ತೂಕ ಸುಮಾರು 57 ಕಿಲೋಡಾಲ್ಟನ್. ಜೆಲ್ ಮೇಲೆ 55ರಿಂದ 60ರ ನಡುವೆ ಕಾಣುತ್ತದೆ. ವಾಸ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ, ಅಂದರೆ ಎಲ್ಲರೂ ಇಆರ್ ಅನ್ನುವ ಜಾಗದಲ್ಲಿ. ಬಾಲದಲ್ಲಿ ಕೆಡಿಇಎಲ್ ಎಂಬ ನಾಲ್ಕು ಅಕ್ಷರದ (ಒಂದೊಂದು ಅಕ್ಷರ ಒಂದೊಂದು ಅಮೈನೊ ಆಮ್ಲ) ವಿಳಾಸ ಚೀಟಿ ಇದೆ. ಹೊರಗೆ ಹೋದರೂ ಆ ಚೀಟಿ ನೋಡಿ ಕೋಶ ವಾಪಸ್ ಕರೆಸುತ್ತದೆ.

ಮನುಷ್ಯನಲ್ಲಿ ಪಿಡಿಐ ಕುಟುಂಬದವರು 20ಕ್ಕೂ ಹೆಚ್ಚು. ಮುಖ್ಯ ತಲೆನೋವು ಇಆರ್‌ಪಿ57. ಇದಕ್ಕೆ ಪಿಡಿಐಎ3 ಅಂತಲೂ ಹೆಸರು. ಗಾತ್ರ ಪಿಡಿಐಯದ್ದೇ, ಮನೆ ಅದೇ ಇಆರ್, ಕ್ರಿಯಾಸ್ಥಾನದ (ಕಿಣ್ವ ಕೆಲಸ ಮಾಡುವ ಜಾಗ) ನಾಲ್ಕು ಅಕ್ಷರಗಳೂ ಅವೇ. ಬಾಲದ ಚೀಟಿ ಮಾತ್ರ ಕ್ಯುಇಡಿಎಲ್. ಅವಳಿ ಅಲ್ಲ, ಆದರೆ ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ.

ಆಂಟಿಬಾಡಿ ಆರಿಸುವುದು

ಸರಿಯಾದ ಆಂಟಿಬಾಡಿ ಆರಿಸಿದರೆ ಅರ್ಧ ಕೆಲಸ ಮುಗಿದಂತೆ. ಎಲ್ಲರೂ ಅವಸರ ಮಾಡುವುದೂ ಇಲ್ಲೇ. ಡೇಟಾಶೀಟ್ ತೆರೆದು ಈ ಕ್ರಮದಲ್ಲಿ ನೋಡಿ.

1. ಇಮ್ಯುನೊಜನ್ ಯಾವುದು? ಅಂದರೆ ಪ್ರೋಟೀನ್‌ನ ಯಾವ ಭಾಗ ಕೊಟ್ಟು ಪ್ರಾಣಿಯಲ್ಲಿ ಆಂಟಿಬಾಡಿ ತಯಾರಿಸಿದರು? ಕ್ರಿಯಾಸ್ಥಾನದ ಸುತ್ತಲಿನ ತುಂಡಾದರೆ ಇಡೀ ಕುಟುಂಬಕ್ಕೆ ಅಂಟುವ ಅಪಾಯವಿದೆ. ಬಾಲದ ತುಂಡಾಗಿದ್ದು ಕೆಡಿಇಎಲ್ ಅದರಲ್ಲಿ ಸೇರಿದ್ದರೆ ಅನುಮಾನ ಪಡಿ. ಬಿಪ್ ಮತ್ತು ಜಿಆರ್‌ಪಿ94 ಎಂಬ ಇನ್ನಿಬ್ಬರು ಇಆರ್ ಕೆಲಸಗಾರರ ಬಾಲದಲ್ಲೂ ಅದೇ ಚೀಟಿ ಇದೆ. ತುಂಡಿನ ಅನುಕ್ರಮ ಕೊಟ್ಟಿದ್ದರೆ ಬ್ಲಾಸ್ಟ್ ಎಂಬ ಅನುಕ್ರಮ ಹೋಲಿಸುವ ತಂತ್ರಾಂಶದಲ್ಲಿ ಹಾಕಿ ಇಆರ್‌ಪಿ57 ಜೊತೆ ಎಷ್ಟು ಹೊಂದುತ್ತದೆ ನೋಡಿ. ಹತ್ತು ನಿಮಿಷದ ಕೆಲಸ. ಯುನಿಪ್ರಾಟ್ ಎಂಬ ಪ್ರೋಟೀನ್ ದತ್ತಸಂಚಯದಲ್ಲಿ ಮನುಷ್ಯನ ಪಿಡಿಐ ಸಂಖ್ಯೆ ಪಿ07237, ಇಆರ್‌ಪಿ57ದ್ದು ಪಿ30101.

2. ಯಾವ ಪ್ರಾಣಿಯಲ್ಲಿ ತಯಾರಾಗಿದೆ? ನಿಮ್ಮ ಸ್ಯಾಂಪಲ್ ಮೌಸ್ ಅಂಗಾಂಶವಾದರೆ ಮೊಲದ ಆಂಟಿಬಾಡಿ ತೆಗೆದುಕೊಳ್ಳಿ. ನನ್ನ ಎರಡು ತಿಂಗಳ ಪಾಠ ಇದು. ಕನ್ನಡದಲ್ಲಿ ಮೌಸ್, ರ್‍ಯಾಟ್ ಎರಡಕ್ಕೂ ಇಲಿ ಅಂದುಬಿಡುತ್ತೇವೆ. ಆರ್ಡರ್ ಹಾಕುವಾಗ ಹಾಗೆ ಮಾಡಬೇಡಿ.

3. ನಾಕೌಟ್ ಚಿತ್ರ ಇದೆಯಾ? ಜೀನ್ ತೆಗೆದುಹಾಕಿದ ಕೋಶದಲ್ಲಿ ಬ್ಯಾಂಡ್ ಮಾಯವಾಗಬೇಕು. ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಬರೀ ಹೀಲಾ ಎಂಬ ಲ್ಯಾಬ್ ಕೋಶದ ಒಂದು ಚೆಂದದ ಬ್ಯಾಂಡ್ ತೋರಿಸಿದ್ದರೆ ಅದು ಜಾಹೀರಾತು.

4. ಯಾವ ಪ್ರಯೋಗಕ್ಕೆ ಪರೀಕ್ಷಿಸಿದ್ದಾರೆ? ಬ್ಲಾಟ್‌ನಲ್ಲಿ ಪ್ರೋಟೀನ್ ಬಿಚ್ಚಿ ಚಾಪೆಯಂತೆ ಬಿದ್ದಿರುತ್ತದೆ. ಸೂಕ್ಷ್ಮದರ್ಶಕದ ಕೆಲಸದಲ್ಲಿ ಅರೆಬರೆ ಮಡಚಿಕೊಂಡೇ ಇರುತ್ತದೆ. ಒಂದಕ್ಕೆ ಒಳ್ಳೆಯದಾದ ಆಂಟಿಬಾಡಿ ಇನ್ನೊಂದಕ್ಕೆ ದಂಡವಾಗಬಹುದು.

ಮಾನೋಕ್ಲೋನಲ್ಲೋ (ಒಂದೇ ಬಗೆಯ ಆಂಟಿಬಾಡಿ) ಪಾಲಿಕ್ಲೋನಲ್ಲೋ (ಹಲವು ಬಗೆ ಬೆರೆತದ್ದು) ಅಂತ ಕೇಳಿದರೆ ನನ್ನ ಉತ್ತರ ರಿಕಾಂಬಿನೆಂಟ್. ಆಂಟಿಬಾಡಿಯ ಅನುಕ್ರಮವೇ ಗೊತ್ತಿದ್ದು ಅದರಿಂದಲೇ ತಯಾರಿಸುವುದರಿಂದ ಈ ವರ್ಷದ್ದೂ ಮುಂದಿನ ವರ್ಷದ್ದೂ ಒಂದೇ. ಪಾಲಿಕ್ಲೋನಲ್ ಒಂದು ಪ್ರಾಣಿಯ ರಕ್ತದಿಂದ ಬರುತ್ತದೆ. ಆ ಪ್ರಾಣಿ ಹೋದರೆ ಆ ಆಂಟಿಬಾಡಿಯೂ ಹೋಯಿತು. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 65 ಪ್ರೋಟೀನ್‌ಗಳಿಗೆ ಮಾರಾಟವಾಗುವ 614 ಆಂಟಿಬಾಡಿಗಳನ್ನು ನಾಕೌಟ್ ಕೋಶಗಳ ಎದುರು ಇಟ್ಟು ನೋಡಿತು. ಒಟ್ಟಾರೆ ರಿಕಾಂಬಿನೆಂಟ್‌ಗಳೇ ಮೇಲು. ಬೆಲೆ ಜಾಸ್ತಿ, ನಿಜ. ಆದರೆ ಹಾಳಾದ ಎರಡು ತಿಂಗಳ ಲೆಕ್ಕ ಹಾಕಿದರೆ ಜಾಸ್ತಿ ಅಲ್ಲ.

ಪಾರ್ಸೆಲ್ ಬಂದ ದಿನ

ಡಬ್ಬ ತೆರೆದ ತಕ್ಷಣ ಐಸ್ ಪ್ಯಾಕ್ ಇನ್ನೂ ತಣ್ಣಗಿದೆಯಾ ನೋಡಿ, ಫೋಟೊ ತೆಗೆದಿಡಿ. ಟ್ಯೂಬನ್ನು ತೆರೆಯುವ ಮೊದಲು ಒಂದೆರಡು ಸೆಕೆಂಡ್ ಸ್ಪಿನ್ ಮಾಡಿ. 100 ಮೈಕ್ರೋಲೀಟರ್‌ನಲ್ಲಿ 10 ಮುಚ್ಚಳಕ್ಕೇ ಅಂಟಿರುತ್ತದೆ.

50% ಗ್ಲಿಸರಾಲ್ ಇದ್ದರೆ ಮೈನಸ್ 20ರಲ್ಲಿ ಗಟ್ಟಿಯಾಗುವುದಿಲ್ಲ. ಹಾಗೇ ಇಟ್ಟು ಬೇಕಾದಾಗ ತೆಗೆದುಕೊಳ್ಳಬಹುದು. ಗ್ಲಿಸರಾಲ್ ಇಲ್ಲದಿದ್ದರೆ 10 ಮೈಕ್ರೋಲೀಟರ್‌ನಂತೆ ಸಣ್ಣ ಟ್ಯೂಬ್‌ಗಳಿಗೆ ಹಂಚಿ. ಕರಗಿಸಿದ ಟ್ಯೂಬನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ, 4 ಡಿಗ್ರಿಯಲ್ಲಿ ಇಟ್ಟು ಬೇಗ ಮುಗಿಸಿ. ಬಣ್ಣ ಹಚ್ಚಿದ ಆಂಟಿಬಾಡಿ 4 ಡಿಗ್ರಿಯಲ್ಲಿ, ಕತ್ತಲಲ್ಲಿ. ತಾನಾಗಿ ಮಂಜು ಕರಗಿಸುವ ಮನೆಬಳಕೆಯ ಫ್ರೀಜರ್ ಬೇಡ. ಅದು ಮತ್ತೆ ಮತ್ತೆ ಬೆಚ್ಚಗಾಗಿ ತಣ್ಣಗಾಗುತ್ತದೆ. ಕರೆಂಟ್ ಹೋಗುವ ಊರಿನಲ್ಲಿ ಟ್ಯೂಬ್‌ಗಳನ್ನು ಫ್ರೀಜರ್ ಬಾಗಿಲಿನಲ್ಲಿ ಇಡಬೇಡಿ, ಹಿಂದಿನ ಮೂಲೆಗೆ ತಳ್ಳಿ, ಸುತ್ತ ಐಸ್ ಪ್ಯಾಕ್ ಜೋಡಿಸಿ.

ಯಾವ ಕಂಟ್ರೋಲ್ ಬೇಕು

ಅಸಲಿ ಸ್ಯಾಂಪಲ್‌ಗೆ ಕೈ ಹಾಕುವ ಮೊದಲು ಒಂದು ಜೆಲ್ ಪೂರ್ತಿ ಆಂಟಿಬಾಡಿ ಪರೀಕ್ಷೆಗೇ ಮೀಸಲಿಡಿ. ಗೈಡ್ ‘ಡೇಟಾ ಎಲ್ಲಿ’ ಅಂದರೆ ಇದೇ ಡೇಟಾ ಅನ್ನಿ.

ಪಾಸಿಟಿವ್ ಕಂಟ್ರೋಲ್‌ಗೆ (ಪಿಡಿಐ ಖಂಡಿತ ಇರುವ ಸ್ಯಾಂಪಲ್) ಹೆಪ್‌ಜಿ2 ಲೈಸೇಟ್, ಅಂದರೆ ಆ ಕೋಶಗಳನ್ನು ಒಡೆದ ದ್ರವ, ಒಳ್ಳೆಯದು. ಯಕೃತ್ತಿನ ಮೂಲದ ಕೋಶ, ಪ್ರೋಟೀನ್ ಹೊರಗೆ ಸುರಿಸುವುದೇ ಅದರ ಕಸುಬು, ಹಾಗಾಗಿ ಪಿಡಿಐ ಧಾರಾಳ. ಈ ಕೋಶ ನಿಮ್ಮಲ್ಲಿ ಇಲ್ಲದಿದ್ದರೆ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಕೋಶ ಭಂಡಾರದಲ್ಲಿ ಕೇಳಬಹುದು. ಹೀಲಾ, ಎಚ್‌ಇಕೆ293 ಆದರೂ ನಡೆಯುತ್ತದೆ.

ನೆಗೆಟಿವ್ ಕಂಟ್ರೋಲ್ (ಪಿಡಿಐ ಇಲ್ಲದ ಅಥವಾ ಕಡಿಮೆ ಇರುವ ಸ್ಯಾಂಪಲ್) ಕಷ್ಟದ್ದು. ಪಿ4ಎಚ್‌ಬಿ ನಾಕೌಟ್ ಲೈಸೇಟ್ ಕೊಳ್ಳಲು ಸಿಕ್ಕರೆ ತರಿಸಿಕೊಳ್ಳಿ. ಇಲ್ಲದಿದ್ದರೆ ಎಸ್‌ಐಆರ್‌ಎನ್‌ಎ (ಒಂದು ಜೀನ್‌ನ ಸಂದೇಶವನ್ನು ಅಳಿಸುವ ಸಣ್ಣ ಆರ್‌ಎನ್‌ಎ) ಹಾಕಿ ಪಿಡಿಐ ಕಡಿಮೆ ಮಾಡಿ. ಪಿಡಿಐ ಬೇಗ ಸವೆಯುವ ಪ್ರೋಟೀನ್ ಅಲ್ಲ. ಹೊಸದು ತಯಾರಾಗುವುದು ನಿಂತರೂ ಹಳೆಯದು ಕೂತಿರುತ್ತದೆ. ಆದ್ದರಿಂದ 24 ಗಂಟೆಗೆ ನೋಡಿ ‘ಕೆಲಸ ಮಾಡಲಿಲ್ಲ’ ಅಂತ ಬಿಡಬೇಡಿ, 72 ಗಂಟೆ ಕೊಡಿ. ಎರಡು ಬೇರೆ ಬೇರೆ ಎಸ್‌ಐಆರ್‌ಎನ್‌ಎಗಳಿಂದಲೂ ಬ್ಯಾಂಡ್ ತೆಳುವಾದರೆ ನಂಬಬಹುದು.

ಟ್ಯಾಗ್ (ಗುರುತಿನ ಸಣ್ಣ ತುಂಡು) ಹಚ್ಚಿದ ಪಿಡಿಐಯನ್ನು ಕೋಶದಲ್ಲಿ ತಯಾರಿಸಿ ನೋಡುವುದೂ ಒಂದು ದಾರಿ. ಆದರೆ ಟ್ಯಾಗನ್ನು ಬಾಲದ ತುದಿಗೆ ಹಚ್ಚಬೇಡಿ. ಕೆಡಿಇಎಲ್ ಮುಚ್ಚಿಹೋದರೆ ಕೋಶ ಅದನ್ನು ವಾಪಸ್ ಕರೆಸುವುದಿಲ್ಲ, ಪ್ರೋಟೀನ್ ಹೊರಗಿನ ಮೀಡಿಯಾಗೆ ಸೋರಿ ಹೋಗುತ್ತದೆ. ಸಿಗ್ನಲ್ ತುಂಡಿನ ನಂತರ ಅಥವಾ ಕೆಡಿಇಎಲ್‌ಗೆ ಸ್ವಲ್ಪ ಮುಂಚೆ ಹಚ್ಚಿ.

ಇನ್ನು ಸೆಕೆಂಡರಿ ಮಾತ್ರದ ಪಟ್ಟಿ. ಖರ್ಚು ಸೊನ್ನೆ. ಅಕಸ್ಮಾತ್ತಾಗಿ ಮಾಡಿದ್ದರಿಂದ ನಾನು ಬಚಾವಾದೆ, ನೀವು ಬೇಕಂತಲೇ ಮಾಡಿ.

ಸ್ಯಾಂಪಲ್ ತಯಾರಿ

ರಿಪಾ ಬಫರ್ ಸಾಕು: 50 ಮಿಲಿಮೋಲಾರ್ ಟ್ರಿಸ್ ಪಿಎಚ್ 8, 150 ಮಿಲಿಮೋಲಾರ್ ಉಪ್ಪು, 1% ಎನ್‌ಪಿ-40, 0.5% ಸೋಡಿಯಂ ಡೀಆಕ್ಸಿಕೋಲೇಟ್, 0.1% ಎಸ್‌ಡಿಎಸ್. ಪಿಡಿಐ ಇಆರ್ ಒಳಗಿನ ದ್ರವದಲ್ಲಿ ಇರುವ ಪ್ರೋಟೀನ್, ಪೊರೆ ಒಡೆದರೆ ಸಲೀಸಾಗಿ ಹೊರಬರುತ್ತದೆ. ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ತಡೆಯುವ ಮಿಶ್ರಣವನ್ನು ಬಳಸುವ ಹೊತ್ತಿಗೆ ಸೇರಿಸಿ. ಪ್ರೋಟಿಯೇಸ್ ತಡೆಯುವ ಪಿಎಂಎಸ್‌ಎಫ್ ನೀರಿಗೆ ಬಿದ್ದರೆ ಬೇಗ ಕೆಡುತ್ತದೆ, ನಿನ್ನೆ ಸೇರಿಸಿಟ್ಟದ್ದು ಇವತ್ತಿಗೆ ಲೆಕ್ಕಕ್ಕಿಲ್ಲ.

ಕೋಶಗಳನ್ನು ತಣ್ಣನೆಯ ಪಿಬಿಎಸ್ ಎಂಬ ಉಪ್ಪಿನ ಬಫರ್‌ನಲ್ಲಿ ಎರಡು ಸಲ ತೊಳೆಯಿರಿ. ಸೀರಂ ಉಳಿದರೆ ಅದರ ಆಲ್ಬ್ಯುಮಿನ್ 66 ಹತ್ತಿರ ದೊಡ್ಡ ಗುಡ್ಡದಂತೆ ಕೂತು, ಕೆಳಗಿನ ಬ್ಯಾಂಡ್‌ಗಳನ್ನು ಸೊಟ್ಟಗೆ ಮಾಡುತ್ತದೆ. ಅಂಗಾಂಶವಾದರೆ ಸಾಧ್ಯವಿದ್ದಷ್ಟು ರಕ್ತ ಹೊರಹಾಕಿ, ತಣ್ಣನೆಯ ಪಿಬಿಎಸ್ ಹಾಯಿಸಿ ತೊಳೆದ ಮೇಲೇ ಅಂಗ ತೆಗೆಯುವುದು ಒಳ್ಳೆಯದು. ಬಫರ್ ಹಾಕಿ ಐಸ್ ಮೇಲೆ 20ರಿಂದ 30 ನಿಮಿಷ ಬಿಡಿ. ನಂತರ 4 ಡಿಗ್ರಿಯಲ್ಲಿ 14,000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿ, ಮೇಲಿನ ತಿಳಿ ತೆಗೆದುಕೊಳ್ಳಿ.

ಪ್ರೋಟೀನ್ ಅಳತೆಗೆ ಬಿಸಿಎ ವಿಧಾನ ಬಳಸಿ. ಬ್ರಾಡ್‌ಫರ್ಡ್‌ಗೆ ರಿಪಾದ ಡಿಟರ್ಜೆಂಟ್ ಆಗಿಬರುವುದಿಲ್ಲ. ಬಿಸಿಎಗೆ ಲೋಡಿಂಗ್ ಬಫರ್‌ನಲ್ಲಿರುವ, ಡೈಸಲ್ಫೈಡ್ ಗಂಟು ಬಿಚ್ಚುವ ಡಿಟಿಟಿ, ಮರ್ಕ್ಯಾಪ್ಟೊಇಥನಾಲ್ ಆಗಿಬರುವುದಿಲ್ಲ. ಆದ್ದರಿಂದ ಮೊದಲು ಅಳೆದು, ಆಮೇಲೆ ಲೋಡಿಂಗ್ ಬಫರ್ ಸೇರಿಸಿ. ಲೆಕ್ಕ ಹೀಗೆ: ಲೈಸೇಟ್ ಮೈಕ್ರೋಲೀಟರ್‌ಗೆ 2 ಮೈಕ್ರೋಗ್ರಾಂ ಇದೆ ಅಂದುಕೊಳ್ಳಿ. 30 ಮೈಕ್ರೋಲೀಟರ್‌ಗೆ ನಾಲ್ಕು ಪಟ್ಟಿನ ಲೋಡಿಂಗ್ ಬಫರ್ 10 ಸೇರಿಸಿದರೆ 1.5 ಆಗುತ್ತದೆ. 10 ಮೈಕ್ರೋಗ್ರಾಂ ಬೇಕಾದರೆ 6.7 ಮೈಕ್ರೋಲೀಟರ್ ಲೋಡ್ ಮಾಡಿ. 95 ಡಿಗ್ರಿಯಲ್ಲಿ 5 ನಿಮಿಷ ಕುದಿಸಿ.

ಎಷ್ಟು ಲೋಡ್ ಮಾಡಬೇಕು? ಅಭ್ಯಾಸಬಲದಿಂದ ಎಲ್ಲರೂ 30, 40 ಮೈಕ್ರೋಗ್ರಾಂ ಸುರಿಯುತ್ತಾರೆ. ಪಿಡಿಐ ಕೋಶದಲ್ಲಿ ತುಂಬಾ ಹೇರಳವಾಗಿರುವ ಪ್ರೋಟೀನ್. 5ರಿಂದ 10 ಸಾಕು. ಈ ಪ್ರೋಟೀನ್‌ನಲ್ಲಿ ಬ್ಯಾಂಡ್ ಬರಲಿಲ್ಲ ಅನ್ನುವ ದೂರು ಕಡಿಮೆ, ಕಪ್ಪು ಮಸಿಯಂತೆ ಬಂತು ಅನ್ನುವುದೇ ಜಾಸ್ತಿ.

ಜೆಲ್ ಮತ್ತು ಮೆಂಬ್ರೇನ್

10% ಜೆಲ್ ತೆಗೆದುಕೊಳ್ಳಿ. ಮೇಲಿನ ಭಾಗ ದಾಟುವ ತನಕ 80 ವೋಲ್ಟ್, ಆಮೇಲೆ 120. ಗುರುತು ಬಣ್ಣ ಕೆಳಗೆ ಬಂದ ಕೂಡಲೇ ನಿಲ್ಲಿಸಬೇಡಿ. 25 ಕಿಲೋಡಾಲ್ಟನ್ ಗುರುತು ತಳ ಮುಟ್ಟುವ ತನಕ ಓಡಿಸಿದರೆ 50ರಿಂದ 60ರ ಜಾಗ ಹಿಗ್ಗುತ್ತದೆ, ನೆರೆಹೊರೆಯವರ ನಡುವೆ ಸ್ವಲ್ಪ ಸಂದಿ ಸಿಗುತ್ತದೆ. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ. ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಪಿವಿಡಿಎಫ್ ಮೆಂಬ್ರೇನ್, 0.45 ಮೈಕ್ರಾನ್. ಮೆಥನಾಲ್‌ನಲ್ಲಿ ಅರ್ಧ ನಿಮಿಷ ಅದ್ದಿ, ನಂತರ ಟ್ರಾನ್ಸ್‌ಫರ್ ಬಫರ್‌ನಲ್ಲಿ ನೆನೆಸಿ. ಬಫರ್: 25 ಮಿಲಿಮೋಲಾರ್ ಟ್ರಿಸ್, 192 ಮಿಲಿಮೋಲಾರ್ ಗ್ಲೈಸಿನ್, 20% ಮೆಥನಾಲ್. ಸ್ಯಾಂಡ್‌ವಿಚ್ ಜೋಡಿಸುವಾಗ ಜೆಲ್ ಕಪ್ಪು ಬದಿಗೆ, ಮೆಂಬ್ರೇನ್ ಕೆಂಪು ಬದಿಗೆ. ಗುಳ್ಳೆಗಳನ್ನು ರೋಲರ್‌ನಿಂದ ಹೊರಳಿಸಿ ತೆಗೆಯಿರಿ. 100 ವೋಲ್ಟ್‌ನಲ್ಲಿ 60ರಿಂದ 90 ನಿಮಿಷ, ಟ್ಯಾಂಕ್ ಐಸ್‌ನಲ್ಲಿ. 30 ವೋಲ್ಟ್‌ನಲ್ಲಿ ರಾತ್ರಿಯಿಡೀ ಮಾಡುವ ಪದ್ಧತಿಯೂ ಇದೆ. ಯುಪಿಎಸ್ ಇಲ್ಲದ ಕಡೆ ಮಳೆಗಾಲದಲ್ಲಿ ಅದಕ್ಕೆ ಹೋಗಬೇಡಿ, ಬೆಳಿಗ್ಗೆ ಬಂದಾಗ ಎಷ್ಟು ಹೊತ್ತು ಕರೆಂಟ್ ಇತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಮೆಂಬ್ರೇನ್ ಹೊರಗೆ ಬಂದ ಕೂಡಲೇ ಪಾನ್ಸೋ ಬಣ್ಣದಲ್ಲಿ ಅದ್ದಿ, ಫೋಟೊ ತೆಗೆಯಿರಿ. ಎಲ್ಲ ಲೇನ್‌ಗಳೂ ಸಮನಾಗಿ ಇಳಿದಿವೆಯಾ, ಗುಳ್ಳೆಯ ಕಲೆ ಇದೆಯಾ ಅಂತ ಗೊತ್ತಾಗುತ್ತದೆ. ಈ ಫೋಟೊ ಮುಂದೆ ಲೋಡಿಂಗ್ ಕಂಟ್ರೋಲ್ (ಎಲ್ಲ ಲೇನ್‌ಗೂ ಸಮನಾಗಿ ಪ್ರೋಟೀನ್ ಹಾಕಿದ್ದಕ್ಕೆ ಸಾಕ್ಷಿ) ಆಗಿಯೂ ಕೆಲಸಕ್ಕೆ ಬರುತ್ತದೆ.

ಬ್ಲಾಕಿಂಗ್, ಪ್ರೈಮರಿ, ಸೆಕೆಂಡರಿ

ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಮೊದಲು ಬ್ಲಾಕಿಂಗ್: ಟಿಬಿಎಸ್‌ಟಿಯಲ್ಲಿ 5% ಕೆನೆರಹಿತ ಹಾಲಿನ ಪುಡಿ, ಒಂದು ಗಂಟೆ, ಮೆಲ್ಲಗೆ ಅಲುಗಾಡಿಸುತ್ತಾ. ಟಿಬಿಎಸ್‌ಟಿ ಅಂದರೆ 20 ಮಿಲಿಮೋಲಾರ್ ಟ್ರಿಸ್, 150 ಮಿಲಿಮೋಲಾರ್ ಉಪ್ಪು, 0.1% ಟ್ವೀನ್ 20, ಪಿಎಚ್ 7.6. ಅಂಗಡಿಯಲ್ಲಿ ಸಿಗುವ ಕೆನೆ ತೆಗೆದ ಹಾಲಿನ ಪುಡಿ ನಡೆಯುತ್ತದೆ. ಕಾಫಿಗೆ ಹಾಕುವ ಸಕ್ಕರೆ ಬೆರೆಸಿದ ಡೈರಿ ವೈಟ್ನರ್ ನಡೆಯುವುದಿಲ್ಲ. ನಗಬೇಡಿ, ಒಬ್ಬರು ತಂದಿದ್ದರು. ಡೇಟಾಶೀಟ್‌ನಲ್ಲಿ ಬಿಎಸ್‌ಎ (ಹಸುವಿನ ಆಲ್ಬ್ಯುಮಿನ್) ಅಂತ ಬರೆದಿದ್ದರೆ ಅದನ್ನೇ ಹಾಕಿ.

ಪ್ರೈಮರಿಗೆ ಡೇಟಾಶೀಟ್ ಹೇಳುವ ಪ್ರಮಾಣದಿಂದ ಶುರು ಮಾಡಿ. ಬಹಳ ಸಲ ಅದು 1:1000 ಇರುತ್ತದೆ. ಆದರೆ ಪರೀಕ್ಷೆಯ ಜೆಲ್‌ನಲ್ಲಿ ಒಂದೇ ಲೈಸೇಟ್ ಓಡಿಸಿ, ಮೆಂಬ್ರೇನನ್ನು ನಾಲ್ಕು ಪಟ್ಟಿಗಳಾಗಿ ಕತ್ತರಿಸಿ 1:500, 1:1000, 1:2000, 1:5000 ನೋಡಿ. ಪಿಡಿಐಯಲ್ಲಿ 1:5000ಕ್ಕೂ ಸ್ವಚ್ಛ ಬ್ಯಾಂಡ್ ಬರುವುದು ಅಪರೂಪವಲ್ಲ. ಬಂದರೆ ಆಂಟಿಬಾಡಿ ಐದು ಪಟ್ಟು ದಿನ ಬಾಳುತ್ತದೆ, ಅನವಶ್ಯಕ ಬ್ಯಾಂಡ್‌ಗಳೂ ಮಾಯ. ಇನ್ನೂ ಉಳಿಸಬೇಕಾದರೆ ಮೆಂಬ್ರೇನನ್ನು ಡಬ್ಬಿಯಲ್ಲಿ ಹಾಕದೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿ ಸೀಲರ್‌ನಿಂದ ಅಂಚು ಮುಚ್ಚಿ. 10 ಎಂಎಲ್ ಬದಲು 2ರಿಂದ 3 ಎಂಎಲ್‌ನಲ್ಲಿ ಮುಗಿಯುತ್ತದೆ. ರಾತ್ರಿಯಿಡೀ 4 ಡಿಗ್ರಿಯಲ್ಲಿ ಬಿಡಿ.

ಮರುದಿನ ಟಿಬಿಎಸ್‌ಟಿಯಲ್ಲಿ 10 ನಿಮಿಷದಂತೆ ಮೂರು ಸಲ ತೊಳೆಯಿರಿ. ಎಚ್‌ಆರ್‌ಪಿ (ಬ್ಯಾಂಡ್‌ಗೆ ಬೆಳಕು ಬರಿಸುವ ಕಿಣ್ವ) ಜೋಡಿಸಿದ ಸೆಕೆಂಡರಿ 1:5000ರಿಂದ 1:10,000, ಒಂದು ಗಂಟೆ. ಮತ್ತೆ ಮೂರು ತೊಳೆತ. ಇಲ್ಲಿ ದ್ರಾವಣ ಕೆಡದಂತೆ ಹಾಕುವ ಸೋಡಿಯಂ ಅಜೈಡ್ ಎಲ್ಲೂ ಬರಬಾರದು, ಅದು ಎಚ್‌ಆರ್‌ಪಿಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಪ್ರೈಮರಿ ಮರುಬಳಕೆಗೆ ಅಂತ ಅಜೈಡ್ ಹಾಕಿಟ್ಟಿದ್ದರೆ ತೊಳೆಯುವುದರಲ್ಲಿ ಜಿಪುಣತನ ಬೇಡ.

ಲೋಡಿಂಗ್ ಕಂಟ್ರೋಲ್ ಆರಿಸುವಾಗಲೂ ಬೀದಿ ನೆನಪಿರಲಿ. ಟ್ಯೂಬುಲಿನ್ 50ರಿಂದ 55ರಲ್ಲಿ ಬರುತ್ತದೆ, ಪಿಡಿಐಗೆ ಅಂಟಿಕೊಂಡೇ. ಅದು ಬೇಡ. ಆಕ್ಟಿನ್ 42, ಜಿಎಪಿಡಿಎಚ್ 37ರ ಹತ್ತಿರ. ಇವು ಸರಿ. ಮೆಂಬ್ರೇನನ್ನು 50ರ ಗುರುತಿನಲ್ಲಿ ಕತ್ತರಿಸಿ ಎರಡು ಆಂಟಿಬಾಡಿ ಹಾಕುವ ರೂಢಿ ಕೆಲವರಿಗಿದೆ. ನನಗೆ ಇಷ್ಟವಿಲ್ಲ. ಕತ್ತರಿ ಸ್ವಲ್ಪ ಓರೆಯಾದರೆ ಪಿಡಿಐಯೇ ಹೋಯಿತು. ಜೊತೆಗೆ ಉಳಿದ ಬ್ಯಾಂಡ್‌ಗಳು ಎಲ್ಲೆಲ್ಲಿ ಇದ್ದವು ಅನ್ನುವ ಸಾಕ್ಷಿಯೂ ಹೋಗುತ್ತದೆ.

ಚಿತ್ರ

ಇಸಿಎಲ್ (ಎಚ್‌ಆರ್‌ಪಿ ಇದ್ದಲ್ಲಿ ಬೆಳಕು ಕೊಡುವ ದ್ರವ) ಹಾಕಿ, ಒಂದು ನಿಮಿಷ ಬಿಟ್ಟು, 1, 5, 10, 30 ಸೆಕೆಂಡ್ ಹೀಗೆ ಹಲವು ಚಿತ್ರ ತೆಗೆಯಿರಿ. ಬ್ಯಾಂಡ್‌ನ ನಡುವೆ ಬಿಳಿ, ಅಂಚಿನಲ್ಲಿ ಮಾತ್ರ ಕಪ್ಪು ಕಂಡರೆ ಅಲ್ಲಿನ ಸಬ್‌ಸ್ಟ್ರೇಟ್ ಎಲ್ಲ ಉರಿದುಹೋಗಿದೆ ಅಂತ ಅರ್ಥ. ಪ್ರೋಟೀನ್ ಅಥವಾ ಆಂಟಿಬಾಡಿ ಜಾಸ್ತಿಯಾಗಿದೆ, ಕಡಿಮೆ ಮಾಡಿ.

ಅಳೆಯುವ ಉದ್ದೇಶವಿದ್ದರೆ ಒಂದೇ ಲೈಸೇಟನ್ನು 2.5, 5, 10, 20 ಮೈಕ್ರೋಗ್ರಾಂ ಲೋಡ್ ಮಾಡಿ. ಪ್ರೋಟೀನ್ ದುಪ್ಪಟ್ಟಾದಾಗ ಸಿಗ್ನಲ್ ಕೂಡ ಹೆಚ್ಚುಕಡಿಮೆ ದುಪ್ಪಟ್ಟಾಗುವ ಜಾಗ ಯಾವುದು ನೋಡಿ, ಅಲ್ಲೇ ಕೆಲಸ ಮಾಡಿ. ಪಿಡಿಐಯಲ್ಲಿ ಈ ಹಂತ ಬಿಟ್ಟರೆ ಕೆಡುತ್ತದೆ. ಕಾರಣ ಇದೆ. ಟ್ಯೂನಿಕಾಮೈಸಿನ್‌ನಂಥ ಔಷಧ ಕೊಟ್ಟು ಇಆರ್‌ಗೆ ಒತ್ತಡ ತಂದರೆ ಬಿಪ್ ಜೋರಾಗಿ ಏರುತ್ತದೆ, ಪಿಡಿಐ ಏರಿಕೆ ಸಾಮಾನ್ಯವಾಗಿ ಸಾಧಾರಣ. ಮಸಿಯಂತಿರುವ ಬ್ಯಾಂಡ್‌ನಲ್ಲಿ ಅಂಥ ಸಣ್ಣ ಏರಿಕೆ ಕಾಣುವುದೇ ಇಲ್ಲ. ಬಿಪ್ ಏರಿದ್ದು ತೋರಿಸಿದರೆ ಔಷಧ ಕೆಲಸ ಮಾಡಿದ್ದಕ್ಕೆ ಸಾಕ್ಷಿಯೂ ಸಿಕ್ಕಂತಾಯಿತು.

ಬ್ಯಾಂಡ್ ಓದುವುದು

57ರ ಹತ್ತಿರ ಒಂದೇ ಬ್ಯಾಂಡ್ ಬಂದು, ಎಸ್‌ಐಆರ್‌ಎನ್‌ಎ ಲೇನ್‌ನಲ್ಲಿ ತೆಳುವಾಗಿ, ಸೆಕೆಂಡರಿ ಮಾತ್ರದ ಪಟ್ಟಿ ಖಾಲಿ ಇದ್ದರೆ ನೀವು ಸರಿಯಾದ ಬಾಗಿಲಲ್ಲೇ ನಿಂತಿದ್ದೀರಿ.

57ರಲ್ಲಿ ಬ್ಯಾಂಡ್ ಇದೆ, ಎಸ್‌ಐಆರ್‌ಎನ್‌ಎಗೆ ಅಲುಗಾಡುತ್ತಿಲ್ಲ. ಆರ್‌ಎನ್‌ಎ ಮಟ್ಟ ನಿಜವಾಗಿ ಇಳಿದಿದೆಯಾ ಅಂತ ಮೊದಲು ಕ್ಯುಪಿಸಿಆರ್‌ನಲ್ಲಿ (ಆರ್‌ಎನ್‌ಎ ಅಳೆಯುವ ವಿಧಾನ) ನೋಡಿ. ಇಳಿದಿದ್ದೂ ಬ್ಯಾಂಡ್ ಹಾಗೇ ಇದ್ದರೆ ಇಆರ್‌ಪಿ57 ಮೇಲೆ ಅನುಮಾನ ಪಡಿ. ಅದರ ಆಂಟಿಬಾಡಿಯನ್ನು ಇನ್ನೊಂದು ಪಟ್ಟಿಗೆ ಹಾಕಿ ಎತ್ತರ ಹೋಲಿಸಿ. ಪಿಡಿಐಯ ಬೇರೆ ಭಾಗಕ್ಕೆ ಅಂಟುವ ಎರಡನೇ ಆಂಟಿಬಾಡಿಯೂ ಒಂದೇ ಮಾತು ಹೇಳುತ್ತದೆಯಾ ನೋಡಿ.

94, 78, 57 ಹೀಗೆ ಮೆಟ್ಟಿಲಿನಂತೆ ಮೂರು ಬ್ಯಾಂಡ್ ಬಂದರೆ ಆಂಟಿಬಾಡಿ ಕೆಡಿಇಎಲ್ ಚೀಟಿಯನ್ನು ಹಿಡಿದಿದೆ. ಜಿಆರ್‌ಪಿ94, ಬಿಪ್, ಪಿಡಿಐ ಮೂವರೂ ಒಟ್ಟಿಗೆ ಹಾಜರು. ಇಆರ್ ಎಲ್ಲಿದೆ ಅಂತ ನೋಡಲು ಇದು ಚೆನ್ನಾಗಿದೆ, ಪಿಡಿಐ ಅಳೆಯಲು ಬರುವುದಿಲ್ಲ.

110ರ ಮೇಲೆ ಇನ್ನೊಂದು ಬ್ಯಾಂಡ್ ಇದ್ದರೆ ಡಿಟಿಟಿ ಹಳೆಯದಿರಬಹುದು. ಪಿಡಿಐ ತನ್ನ ಸಿಸ್ಟೀನ್‌ಗಳಿಂದ ಬೇರೆಯವರ ಕೈ ಹಿಡಿದುಕೊಂಡೇ ಇರುವ ಪ್ರೋಟೀನ್. ಹೊಸ ಡಿಟಿಟಿ ಹಾಕಿ ಕುದಿಸಿ, ಹೋದರೆ ಹೋಯಿತು. 57ರ ಕೆಳಗೆ ಹಲವು ತೆಳು ಬ್ಯಾಂಡ್‌ಗಳಿದ್ದರೆ ಸ್ಯಾಂಪಲ್ ಐಸ್‌ನಿಂದ ಹೊರಗೆ ಹೆಚ್ಚು ಹೊತ್ತು ಇತ್ತೇನೋ, ಪ್ರೋಟಿಯೇಸ್ ತಿಂದಿರಬಹುದು.

ಇಮ್ಯುನೊಪ್ರೆಸಿಪಿಟೇಶನ್, ಅಂದರೆ ಆಂಟಿಬಾಡಿಯಿಂದ ಪ್ರೋಟೀನನ್ನು ಹಿಡಿದು ಬೇರ್ಪಡಿಸುವುದು, ಮಾಡುವವರಿಗೆ ಒಂದು ಮಾತು. ಪಿಡಿಐ ಹಿಡಿಯಲು ಬಳಸಿದ ಆಂಟಿಬಾಡಿಯ ಭಾರಿ ಸರಪಳಿಯೇ 50ರ ಮೇಲೆ ದೊಡ್ಡದಾಗಿ ಕೂತು ಪಿಡಿಐಯನ್ನು ಮುಚ್ಚುತ್ತದೆ. ಹಿಡಿಯಲು ಮೊಲದ್ದು, ಬ್ಲಾಟ್‌ಗೆ ಮೌಸ್‌ನದ್ದು ಬಳಸಿ. ಇಲ್ಲವೇ ಹಗುರ ಸರಪಳಿಯನ್ನು ಮಾತ್ರ ಹಿಡಿಯುವ ಸೆಕೆಂಡರಿ ತನ್ನಿ. ಅದು 25ರ ಹತ್ತಿರ ಬರುತ್ತದೆ, ನಮ್ಮ ಬೀದಿಗೆ ತೊಂದರೆ ಇಲ್ಲ.

ಇನ್ನೊಂದು. ಬ್ಲಾಟ್ ಹೇಳುವುದು ಪಿಡಿಐ ಎಷ್ಟಿದೆ ಅಂತ, ಕೆಲಸ ಮಾಡುತ್ತಿದೆಯಾ ಅಂತ ಅಲ್ಲ. ಕೆಲಸ ನೋಡಬೇಕಾದರೆ ಇನ್ಸುಲಿನ್ ಪರೀಕ್ಷೆ ಮಾಡಿ: ಡಿಟಿಟಿ ಇದ್ದಾಗ ಪಿಡಿಐ ಇನ್ಸುಲಿನ್‌ನ ಗಂಟು ಬಿಚ್ಚುತ್ತದೆ, ಬಿಚ್ಚಿದ ಸರಪಳಿ ಮುದ್ದೆಯಾಗಿ ದ್ರವ ಮಬ್ಬಾಗುತ್ತದೆ, ಆ ಮಬ್ಬನ್ನು 650 ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ.

ಸೂಕ್ಷ್ಮದರ್ಶಕದಲ್ಲಿ ನೋಡುವುದಾದರೆ

4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 15 ನಿಮಿಷ, 0.1% ಟ್ರೈಟಾನ್‌ನಲ್ಲಿ 10 ನಿಮಿಷ, ಬ್ಲಾಕಿಂಗ್, ಪ್ರೈಮರಿ, ಬಣ್ಣದ ಸೆಕೆಂಡರಿ. ಪಿಡಿಐ ನ್ಯೂಕ್ಲಿಯಸ್ ಸುತ್ತ ದಟ್ಟವಾಗಿ, ಅಂಚಿನ ಕಡೆಗೆ ಬಲೆಯಂತೆ ಹರಡಿ ಕಾಣಬೇಕು. ನ್ಯೂಕ್ಲಿಯಸ್ ಒಳಗೇ ಹೊಳೆಯುತ್ತಿದ್ದರೆ ಖುಷಿಪಡುವ ಮೊದಲು ಎಸ್‌ಐಆರ್‌ಎನ್‌ಎ ಹಾಕಿದ ಕೋಶದಲ್ಲೂ ಹಾಗೇ ಹೊಳೆಯುತ್ತದೆಯಾ ನೋಡಿ. ಕೋಶದ ಹೊರಮೈಯ ಪಿಡಿಐ ನೋಡಬೇಕಾದರೆ ಟ್ರೈಟಾನ್ ಹಾಕಬೇಡಿ, ಪೊರೆ ತೂತಾದರೆ ಒಳಗಿನ ಹೇರಳ ಪಿಡಿಐ ಹೊರಗಿನ ಚೂರನ್ನು ನುಂಗಿಹಾಕುತ್ತದೆ.

ನೋಟ್‌ಬುಕ್‌ನಲ್ಲಿ

ಕಂಪನಿ, ಕ್ಯಾಟಲಾಗ್ ಸಂಖ್ಯೆ, ಕ್ಲೋನ್, ಲಾಟ್ (ತಯಾರಿಕೆಯ ಕಂತು) ಸಂಖ್ಯೆ, ಆರ್‌ಆರ್‌ಐಡಿ (ಆಂಟಿಬಾಡಿಯ ಗುರುತು ಸಂಖ್ಯೆ), ಪ್ರಮಾಣ, ಯಾವ ಹಾಲು ಅಥವಾ ಬಿಎಸ್‌ಎ, ಎಷ್ಟು ಸೆಕೆಂಡ್ ಚಿತ್ರ, ಎಷ್ಟನೇ ಸಲದ ಬಳಕೆ. ಲಾಟ್ ಸಂಖ್ಯೆ ಬರೆಯುವುದನ್ನು ಎಲ್ಲರೂ ಮರೆಯುತ್ತಾರೆ. ಟ್ಯೂಬ್ ಖಾಲಿಯಾಗಿ ಕಸಕ್ಕೆ ಹೋದ ಮೇಲೆ ಅದು ಎಲ್ಲೂ ಸಿಗುವುದಿಲ್ಲ.

ಹಳೆಯ ಲಾಟ್ ಮುಗಿಯುವ ಮೊದಲೇ ಅದರ ಒಂದು ಸಣ್ಣ ಟ್ಯೂಬ್, ಜೊತೆಗೆ ಪರೀಕ್ಷೆಗೆ ಬಳಸಿದ ಹೆಪ್‌ಜಿ2 ಮತ್ತು ಎಸ್‌ಐಆರ್‌ಎನ್‌ಎ ಲೈಸೇಟ್‌ಗಳನ್ನು ಮೈನಸ್ 80ರಲ್ಲಿ ಬೇರೆಯಾಗಿ ಎತ್ತಿಡಿ. ಆಂಟಿಬಾಡಿಯಲ್ಲಿ ಗ್ಲಿಸರಾಲ್ ಇದ್ದರೆ ಅದು ಮಾತ್ರ ಮೈನಸ್ 20ರಲ್ಲೇ ಇರಲಿ. ಹೊಸ ಲಾಟ್ ಬಂದ ದಿನ ಒಂದೇ ಮೆಂಬ್ರೇನನ್ನು ಎರಡು ಪಾಲು ಮಾಡಿ, ಒಂದಕ್ಕೆ ಹಳೆಯದು, ಇನ್ನೊಂದಕ್ಕೆ ಹೊಸದು ಹಾಕಿ ನೋಡಿ. ಎರಡೂ ಒಂದೇ ತರ ಬಂದ ಮೇಲೇ ಅಸಲಿ ಸ್ಯಾಂಪಲ್ ಕರಗಿಸಿ.